ಎಲೆ ಕೀಳುವ ಕೈ

ಅಡುಗೆಮನೆಯ ಸಿಂಕಿನಲ್ಲಿ ಖಾಲಿ ಬಾಟಲಿಗಳು ನೆನೆಯುತ್ತಿದ್ದರೆ ಆ ಮನೆಯಲ್ಲಿ ಅವತ್ತು ಜಗಳ ಗ್ಯಾರಂಟಿ. ಸೊಸೆಗೆ ಚಹಾ ಪಾತ್ರೆ ತೊಳೆಯಲು ಬೇರೆ ಜಾಗವಿಲ್ಲ, ಅತ್ತೆಗೆ ಬಾಟಲಿ ನೆನೆಹಾಕಲು ಬೇರೆ ಜಾಗ ಬೇಕಿಲ್ಲ.

"ಅತ್ತೆ, ಹಿಂದಗಡೆ ಟಬ್ಬು ಇಟ್ಟಿದ್ದೀನಲ್ಲ, ಅದರಲ್ಲಿ ಹಾಕಬಾರದಾ?"

"ಹಿಂದಗಡೆಗೆ ಬಿಸಿನೀರು ನಿಮ್ಮಪ್ಪ ಹೊತ್ಕೊಂಡು ಬರ್ತಾನಾ?"

"ಬಾಟಲಿ ತೊಳೆಯೋಕೆ ಅಷ್ಟು ಬಿಸಿನೀರು ಯಾಕೆ? ಎಲೆ ಕೀಳೋಕೆ ತಾನೇ?"

"ಎಲೆ ಕೀಳೋದು ಬಿಟ್ಟು ಎಷ್ಟು ಕಾಲ ಆಯ್ತು. ಬಿಟ್ಟಿದ್ದೀನಿ ಅಂತ ನಾನು ಹೇಳ್ತಿದ್ದೀನಲ್ಲ, ಸಾಕು."

ಈ 'ನಾನು ಹೇಳ್ತಿದ್ದೀನಲ್ಲ' ಅನ್ನುವ ಮಾತಿನ ಮೇಲೆಯೇ ಆ ಅಂಗಡಿ ನಿಂತಿತ್ತು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಾಳು, ಹಿಟ್ಟು, ಎಣ್ಣೆ, ಜೇನು, ಎಲ್ಲವೂ ಔಷಧಿ ಹೊಡೆಯದೆ ಬೆಳೆದದ್ದು, ಎಲ್ಲವೂ ಗಾಜಿನ ಬಾಟಲಿಯಲ್ಲಿ. ಗಂಡ ಸತ್ತ ಮೇಲೆ ಅತ್ತೆ ಒಬ್ಬಳೇ ಕಟ್ಟಿದ್ದು. ಬೀದಿಯವರೆಲ್ಲ ಅವಳನ್ನು ಅಂಗಡಿಯಮ್ಮ ಎನ್ನುತ್ತಿದ್ದರು. ಯಾರಾದರೂ ಹೊಸಬರು ಬಾಟಲಿ ಎತ್ತಿ, "ಇದು ನಿಜವಾಗ್ಲೂ ಸಾವಯವನಾ?" ಎಂದರೆ ಅವಳು ಕನ್ನಡಕದ ಮೇಲಿಂದ ಒಂದು ನೋಟ ಬಿಟ್ಟು, "ನಾನು ಹೇಳ್ತಿದ್ದೀನಲ್ಲ" ಎನ್ನುತ್ತಿದ್ದಳು. ಕೇಳಿದವರು ತಪ್ಪು ಮಾಡಿದವರ ಹಾಗೆ ದುಡ್ಡು ಕೊಟ್ಟು ಹೋಗುತ್ತಿದ್ದರು.

ಬಾಟಲಿಯ ಹೊಟ್ಟೆಯ ಮೇಲೆ ಹಸಿರು ಎಲೆಯ ಆಕಾರದ ಒಂದು ಸ್ಟಿಕ್ಕರ್ ಇರುತ್ತಿತ್ತು. ಸಾವಯವ ಎಂದು ಸಾರುವ ಸರ್ಕಾರದ ಮುದ್ರೆ ಅದು. ಮನೆಯಲ್ಲಿ ಎಲ್ಲರೂ ಅದನ್ನು ಎಲೆ ಎಂದೇ ಕರೆಯುತ್ತಿದ್ದರು. ಮೊದಲು ಎಲೆಗಳೆಲ್ಲ ಒಂದೇ ಥರ ಇದ್ದವು, ಸುರುಳಿಗಟ್ಟಲೆ ಕೊಂಡುತಂದು ಅಂಟಿಸುವುದು. ಗಿರಾಕಿಗಳು ಖಾಲಿ ಬಾಟಲಿ ವಾಪಸು ಕೊಟ್ಟಾಗ ಅತ್ತೆ ಅದರ ಎಲೆಯನ್ನು ಎಸೆಯುತ್ತಿರಲಿಲ್ಲ. ಕೆಟಲಿನ ಹಬೆ ಹಿಡಿದು, ಅಂಚಿಗೆ ಒಂದು ಹನಿ ಎಣ್ಣೆ ಬಿಟ್ಟು, ಅದಕ್ಕೆಂದೇ ಬೆಳೆಸಿದ ಹೆಬ್ಬೆರಳಿನ ಉಗುರಿನಿಂದ ತುಸು ಎಬ್ಬಿಸಿ, ಒದ್ದೆ ದಾರವನ್ನು ಅಡಿಯಲ್ಲಿ ತೂರಿಸಿ ಎಳೆದರೆ ಎಲೆ ಇಡಿಯಾಗಿ ಕೈಗೆ ಬರುತ್ತಿತ್ತು. ಅದೇ ಎಲೆ ಇನ್ನೊಂದು ಬಾಟಲಿಗೆ. ಆಗ ಅದನ್ನು ಯಾರೂ ತಪ್ಪು ಅಂದಿರಲಿಲ್ಲ, ಜಾಣತನ ಅಂದಿದ್ದರು.

ಆಮೇಲೆ ನಿಯಮ ಬದಲಾಯಿತು. ಮುಂಚೆ ಬೆಳೆಗಾರರ ಇಡೀ ಗುಂಪಿಗೆ ಒಂದೇ ಸರ್ಟಿಫಿಕೇಟು ಇತ್ತು, ಈಗ ಒಬ್ಬೊಬ್ಬರ ಹೊಲಕ್ಕೂ ಬೇರೆ ಬೇರೆ ತಪಾಸಣೆ. ಬೆಳೆ ಎಷ್ಟೋ ಅಷ್ಟೇ ಎಲೆ. ಎಲೆಯ ನಡುವೆ ಒಂದು ಪುಟ್ಟ ಚೌಕ, ಮೊಬೈಲು ಹಿಡಿದರೆ ಬಾಟಲಿಯೊಳಗೆ ಏನಿದೆ, ಯಾರ ಹೊಲದ್ದು ಎಂದು ಹೇಳುತ್ತದೆ. ಅಷ್ಟೇ ಅಲ್ಲ, ಪ್ರತಿ ಅಂಗಡಿಯಲ್ಲೂ ಓದಿದವರೊಬ್ಬರು ಹೊಣೆ ಹೊತ್ತು ಸಹಿ ಹಾಕಬೇಕು.

ಓದಿದವಳು ಮನೆಯಲ್ಲೇ ಇದ್ದಳಲ್ಲ. ಸೊಸೆ ಆಸ್ಪತ್ರೆಯೊಂದರ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. "ಮನೆಯಲ್ಲೇ ಜನ ಇರುವಾಗ ಹೊರಗಿನವರಿಗೆ ಯಾಕೆ ಸಂಬಳ ಸುರೀಬೇಕು?" ಎಂದು ಅತ್ತೆ ಪಟ್ಟು ಹಿಡಿದಳು. ಸೊಸೆಯ ಗಂಡ ತಲೆ ತಗ್ಗಿಸಿ, "ಸ್ವಲ್ಪ ದಿನ ಮಾತ್ರ ಕಣೇ" ಎಂದ. ಸೊಸೆ ಲ್ಯಾಬು ಬಿಟ್ಟು ಬಂದು ಸಹಿ ಹಾಕಿದಳು. ಸಹಿ ಸುಳ್ಳಾದರೆ ಅವಳು ಮುಂದೆ ಯಾವ ಲ್ಯಾಬಿನಲ್ಲೂ, ಯಾವ ಪರೀಕ್ಷೆಯ ಕೆಳಗೂ ಹೆಸರು ಬರೆಯುವಂತಿಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು. ಆ ಮನೆಯಲ್ಲಿ ಅವಳದು ಅಂತ ಇದ್ದದ್ದು ಆ ಹೆಸರೊಂದೇ.

ಅವತ್ತು ಊಟದ ಹೊತ್ತಿಗೆ ಎರಡನೆಯ ಜಗಳ. ಮಗ ಬೆಳೆಗಾರರ ಹತ್ತಿರದಿಂದ ಸರಕು ತರುವವನು, ಬೀದಿಯವರ ಬಾಯಲ್ಲಿ ವ್ಯಾನಣ್ಣ. ಅನ್ನ ಕಲೆಸುತ್ತ ತಟ್ಟೆಗೇ ಹೇಳುವ ಹಾಗೆ ಹೇಳಿದ:

"ಜೇನಜ್ಜನ ಜೇನು ಇನ್ಮೇಲೆ ತರಲ್ಲಮ್ಮ. ಅವರಿಗೆ ಸರ್ಟಿಫಿಕೇಟು ಸಿಗಲಿಲ್ಲ."

"ಅವನಿಗೆ ಸಿಗಲಿಲ್ಲ ಅಂದ್ರೆ ಯಾರಿಗೆ ಸಿಗುತ್ತೆ? ಈ ಅಂಗಡಿಗೆ ಮೊದಲನೇ ಬಾಟಲಿ ತಂದವನು ಅವನು."

"ಅವರ ಪಕ್ಕದ ಹೊಲ ಮಾರಾಟ ಆಯ್ತು. ಹೊಸಬ ಸೂರ್ಯಕಾಂತಿ ಹಾಕಿ ಔಷಧಿ ಹೊಡೀತಾನೆ. ಹುಳ ಅಲ್ಲಿಗೂ ಹೋಗ್ತವೆ ಅಂತ ಬೇಡ ಅಂದ್ರು."

"ಹುಳಕ್ಕೆ ಬೇಲಿ ಹಾಕು ಅಂತಾರೇನು?"

"ಒಂದೊಂದಕ್ಕೂ ಐಡಿ ಕಾರ್ಡ್ ಮಾಡಿಸಿಬಿಡಿ ಅಜ್ಜಿ" ಎಂದಳು ಮೊಮ್ಮಗಳು. ಹೈಸ್ಕೂಲು ಓದುವ ಹುಡುಗಿ. ಬಾಯಿ ಮುಚ್ಚದ ಕಾರಣಕ್ಕೆ ಮನೆಯಲ್ಲಿ ಗಿಣಿ ಎಂದು ಹೆಸರು. ಯಾರೂ ನಗಲಿಲ್ಲ.

"ಅವನ ಜೇನು ನಾಲಿಗೆ ಮೇಲಿಟ್ಟರೆ ಸಾಕು, ನನಗೆ ಗೊತ್ತಾಗುತ್ತೆ" ಎಂದಳು ಅತ್ತೆ.

"ನಾಲಿಗೆಗೆ ಔಷಧಿ ಗೊತ್ತಾಗಲ್ಲ ಅತ್ತೆ. ರಕ್ತದಲ್ಲಿ ಏನಿದೆ ಅಂತ ಮುಖ ನೋಡಿ ಹೇಳೋಕಾಗುತ್ತಾ?"

"ನಿನ್ನ ಮುಖ ನೋಡಿದ್ರೆ ವಿಷ ಇದೆ ಅಂತ ಹೇಳಬಹುದು."

ಸೊಸೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ವ್ಯಾನಣ್ಣ ಇನ್ನೊಂದು ಸೌಟು ಅನ್ನ ಬಡಿಸಿಕೊಂಡ. ಜಗಳ ನಡೆಯುವಾಗ ಅವನಿಗೆ ಹಸಿವು ಜಾಸ್ತಿ.

ಅತ್ತೆ ಎಲೆ ಕೀಳುವುದನ್ನು ಬಿಟ್ಟಿರಲಿಲ್ಲ. ಸೊಸೆ ಎಲೆ ಕೊಡುವ ಕಚೇರಿಯ ಕೆಲಸಕ್ಕೆ ಹೊರಗೆ ಹೋದ ದಿನಗಳಲ್ಲಿ ಜೇನಜ್ಜ ಸೈಕಲ್ಲಿನಲ್ಲಿ ಕ್ಯಾನು ಕಟ್ಟಿಕೊಂಡು ಹಿಂಬಾಗಿಲಿಗೆ ಬರುತ್ತಿದ್ದ. ಅತ್ತೆ ಜೇನು ತುಂಬಿ, ಕಿತ್ತ ಎಲೆ ಅಂಟಿಸಿ, ಗುಡ್ಡದ ಕಡೆಯಿಂದ ಬರುವ ಸರಿಯಾದ ಜೇನಿನ ಸಾಲಿನಲ್ಲೇ ಇಡುತ್ತಿದ್ದಳು. ಎಲೆ ಯಾವ ಬಾಟಲಿಯದು ಎಂದು ಅವಳು ನೋಡುತ್ತಿರಲಿಲ್ಲ. ಅವಳ ಪಾಲಿಗೆ ಎಲೆ ಅಂದರೆ ಎಲೆ. ಎಣ್ಣೆಯದಾದರೇನು, ಹಿಟ್ಟಿನದಾದರೇನು, ಎಲ್ಲ ಹಸಿರೇ ತಾನೇ?

ಕೆಲವು ವಾರ ಹೀಗೇ ನಡೆಯಿತು. ಒಂದು ದಿನ ಟೀಚರು ಬಂದರು. ಸ್ಕೂಲಿನಿಂದ ನಿವೃತ್ತರಾದವರು, ಅಂಗಡಿಯ ಹಳೇ ಗಿರಾಕಿ. ಕಾಯಿಲೆ ಬಿದ್ದ ಗಂಡನಿಗೆ ಮಾತ್ರೆಯ ಜೊತೆ ಕೊಡಲು ವಾರವಾರ ಜೇನು ಒಯ್ಯುತ್ತಿದ್ದರು. "ನಾನು ಎಲೆಗಿಲೆ ನೋಡಲ್ಲ ಅಂಗಡಿಯಮ್ಮ, ನಿಮ್ಮ ಮುಖ ನೋಡಿ ತಗೊಳ್ಳೋದು" ಎನ್ನುವುದು ಅವರ ವಾಡಿಕೆ. ಅವತ್ತು ಜೊತೆಗೆ ಮಗಳಿದ್ದಳು, ಅಪ್ಪನನ್ನು ನೋಡಿಕೊಳ್ಳಲು ಬೇರೆ ಊರಿನಿಂದ ಬಂದವಳು. ಬಾಟಲಿ ಎತ್ತಿದವಳೇ ಎಲೆಗೆ ಮೊಬೈಲು ಹಿಡಿದಳು.

"ಅಮ್ಮ, ಇದು ಜೇನಲ್ಲ. ಎಣ್ಣೆ."

"ಏನೇ ನಿನ್ನ ತಲೆ? ಕಣ್ಣಿಗೆ ಕಾಣ್ತಾ ಇದೆ, ಜೇನು."

"ಇಲ್ಲಿ ನೋಡು. ಕಡಲೆಕಾಯಿ ಎಣ್ಣೆ, ಹೋದ ಬೆಳೆಯದ್ದು ಅಂತ ಬರ್ತಿದೆ."

"ನಿಮ್ಮ ಮೊಬೈಲು ಕೆಟ್ಟಿರಬೇಕು" ಎಂದಳು ಅತ್ತೆ. "ಮೊಬೈಲಿಗೇನು ನಾಲಿಗೆ ಇದೆಯಾ? ಜೇನು ಇದು, ನಾನು ಹೇಳ್ತಿದ್ದೀನಲ್ಲ."

"ನೀವು ಹೇಳ್ತೀರಿ, ಎಲೆ ಬೇರೆ ಹೇಳುತ್ತೆ. ನಾನು ಯಾರನ್ನ ನಂಬಲಿ?"

ಒಳಗಿದ್ದ ಸೊಸೆ ಬಂದು ತನ್ನ ಮೊಬೈಲು ಹಿಡಿದಳು. ಎಣ್ಣೆ. ಪಕ್ಕದ ಬಾಟಲಿಗೆ ಹಿಡಿದಳು. ಗುಡ್ಡದ ಜೇನು, ಸರಿ ಇತ್ತು. ಅದರ ಹಿಂದಿನದಕ್ಕೆ ಹಿಡಿದಳು. ಗೋಧಿ ಹಿಟ್ಟು. ಟೀಚರ ಮಗಳು ಫೋಟೋ ತೆಗೆದುಕೊಂಡು, ಬಾಟಲಿಯನ್ನು ಕೌಂಟರಿನ ಮೇಲೆ ಕುಕ್ಕಿ, ಅಮ್ಮನನ್ನು ಎಳೆದುಕೊಂಡೇ ಹೋದಳು. ಟೀಚರು ಹೊಸಲಿನಲ್ಲಿ ಹಿಂದೆ ತಿರುಗಿ, "ಬೇಜಾರು ಮಾಡ್ಕೋಬೇಡಿ" ಎಂದರು. ಬೇಜಾರು ಮಾಡುವ ಕೆಲಸ ಆಗಲೇ ಮುಗಿದಿತ್ತು.

ಅಂಗಡಿ ಖಾಲಿಯಾದ ಕೂಡಲೇ ಸೊಸೆ ಕೇಳಿದಳು. "ಅತ್ತೆ, ಎಲೆ ಕಿತ್ತು ಅಂಟಿಸಿದ್ರಾ?"

"ಇಲ್ಲ."

"ಜೇನಜ್ಜ ಬಂದಿದ್ರಾ?"

"ಇಲ್ಲ ಅಂದ್ನಲ್ಲ. ನಾನು ಹೇಳ್ತಿದ್ದೀನಲ್ಲ!"

ದೂರು ಹೋಯಿತು. ಕಚೇರಿಯಿಂದ ತನಿಖೆಯ ಮೇಡಂ ಬಂದರು. ಜೇನಿನ ಸಾಲನ್ನೆಲ್ಲ ಕೆಳಗಿಳಿಸಿದರು, ಎಣ್ಣೆ ಎಂದೂ ಹಿಟ್ಟು ಎಂದೂ ಹೇಳುವ ಜೇನಿನ ಬಾಟಲಿಗಳನ್ನು ಬೇರೆ ಮಾಡಿ ಪೆಟ್ಟಿಗೆಗೆ ತುಂಬಿದರು. ಆಮೇಲೆ ಎಲೆಯ ಸುರುಳಿ ನೋಡಿದರು. ಉಳಿದ ಎಲೆಗಳ ಲೆಕ್ಕ ಸರಿಯಾಗಿತ್ತು. ಅವರಿಗೆ ಅದೇ ತಪ್ಪಾಗಿ ಕಂಡಿತು.

"ಸುರುಳಿ ಸರಿ ಇದೆ ಅಂದ್ರೆ ಈ ಎಲೆಗಳು ಎಲ್ಲಿಂದ ಬಂದವು? ಎಲ್ಲಿ ಪ್ರಿಂಟ್ ಮಾಡಿಸಿದ್ರಿ?"

"ಪ್ರಿಂಟಾ?" ಎಂದಳು ಸೊಸೆ. "ಹಳೇ ಬಾಟಲಿಯಿಂದ ಯಾರಾದ್ರೂ ಕಿತ್ತಿರಬಹುದಲ್ವಾ ಮೇಡಂ?"

ಮೇಡಂ ನಕ್ಕರು. ಒಂದು ಬಾಟಲಿ ಎತ್ತಿ ಎಲೆಯ ಅಂಚನ್ನು ಉಗುರಿನಿಂದ ಕೆರೆದರು. ಎಲೆ ಚೂರುಚೂರಾಗಿ ಉದುರಿತು. "ಕೀಳೋಕೆ ಹೋದ್ರೆ ಹೀಗಾಗುತ್ತೆ. ಹಾಗಾಗಲಿ ಅಂತಾನೇ ಈ ಸಲ ಹೀಗೆ ಮಾಡಿಸಿದ್ದು. ನೀವೇ ಕಿತ್ತು ತೋರಿಸಿ."

ಸೊಸೆ ಪ್ರಯತ್ನಿಸಿದಳು. ಚೂರು. ಇನ್ನೊಂದು. ಅದೂ ಚೂರು.

"ನಕಲಿ ಮುದ್ರೆ ಅಂದ್ರೆ ಬರೀ ದಂಡ ಅಲ್ಲಮ್ಮ, ಪೊಲೀಸ್ ಕೇಸು. ಸಹಿ ನಿಮ್ದು. ವಿಚಾರಣೆಗೆ ಕರೀತೀವಿ, ಬನ್ನಿ."

ಬಾಗಿಲ ಹಿಂದೆ ಕೈ ಒರೆಸಿಕೊಳ್ಳುತ್ತ ನಿಂತಿದ್ದ ಅತ್ತೆಯ ಕಿವಿಗೆ ಎಲ್ಲವೂ ಬಿತ್ತು. ಆ ಗಳಿಗೆಯಲ್ಲಿ ಬಾಯಿ ಬಿಟ್ಟಿದ್ದರೆ ಮುಗಿಯುತ್ತಿತ್ತು. ಜೀವಮಾನವಿಡೀ ಬಾಯಿ ಮುಚ್ಚದ ಹೆಂಗಸು ಅವತ್ತು ಮುಚ್ಚಿದಳು. ಒಳಗೆ ಹೋಗಿ ಚಹಾ ಮಾಡಿ ತಂದು ಮೇಡಂ ಮುಂದೆ ಇಟ್ಟಳು. ಅವರು ಕುಡಿಯಲಿಲ್ಲ.

ಎಲೆ ಕೀಳಲಾಗದು ಎನ್ನುವುದನ್ನು ಸೊಸೆ ಕಣ್ಣಾರೆ ಕಂಡಿದ್ದಳು, ತನ್ನ ಕೈಯಿಂದಲೇ ಮಾಡಿ ನೋಡಿದ್ದಳು. ಹಾಗಾಗಿ ಅವಳ ಅನುಮಾನ ಅತ್ತೆಯನ್ನು ಬಿಟ್ಟು ಗಂಡನ ಮೇಲೆ ತಿರುಗಿತು.

"ರೀ, ನಿಜ ಹೇಳಿ. ಯಾರ ಹತ್ರ ಪ್ರಿಂಟ್ ಹಾಕಿಸಿದ್ರಿ?"

"ನಾನಾ? ನನಗೆ ವ್ಯಾನು ಓಡಿಸೋದು ಬಿಟ್ಟು ಬೇರೆ ಏನೇ ಗೊತ್ತು?"

"ಅಮ್ಮ ಹೇಳಿದ್ದನ್ನ ಮಾಡೋದು ಗೊತ್ತು."

"ಬಾಟಲಿಗೆ ಎಲೆ ಅಂಟಿಸೋಳು ನೀನು. ನೀನೇ ಅದಲುಬದಲು ಮಾಡಿ ಈಗ ನನ್ನ ಮೇಲೆ ಹಾಕ್ಬೇಡ."

"ನಾನು ಲ್ಯಾಬಲ್ಲಿ ಒಬ್ಬರ ರಕ್ತಕ್ಕೆ ಇನ್ನೊಬ್ಬರ ಹೆಸರು ಅಂಟಿಸಿದವಳಲ್ಲ."

"ಹಾಗಾದ್ರೆ ಅಲ್ಲೇ ಇರಬೇಕಿತ್ತು!"

ಅವನು ಅಂದುಬಿಟ್ಟ. ಲ್ಯಾಬು ಬಿಡು ಎಂದು ತಲೆ ತಗ್ಗಿಸಿ ಬೇಡಿದವನು ಅವನೇ. ಸೊಸೆ ಅವನ ಜೊತೆ ಮಾತು ಬಿಟ್ಟಳು.

ಆಮೇಲಿನ ವಾರಗಳಲ್ಲಿ ಆ ಮನೆಯಲ್ಲಿ ಒಲೆ ಎರಡು ಸಲ ಹೊತ್ತತೊಡಗಿತು. ಅತ್ತೆ ಮಾಡಿಟ್ಟದ್ದನ್ನು ಸೊಸೆ ಮುಟ್ಟಲಿಲ್ಲ, ತನಗೂ ಮಗಳಿಗೂ ಆಲೂಗಡ್ಡೆ ಬೇಯಿಸಿಕೊಂಡು ಕೋಣೆಗೆ ಒಯ್ಯುತ್ತಿದ್ದಳು. ವ್ಯಾನಣ್ಣ ಅಮ್ಮನ ಹತ್ತಿರ ಉಂಡು, ಹೆಂಡತಿಯ ಪಾತ್ರೆಯಲ್ಲಿ ಉಳಿದದ್ದನ್ನು ಕದ್ದು ತಿನ್ನುತ್ತಿದ್ದ. ಬಟ್ಟೆ ಒಗೆಯುವ ಯಂತ್ರಕ್ಕೆ ಅತ್ತೆ ತನ್ನ ಮತ್ತು ಮಗನ ಬಟ್ಟೆ ಮಾತ್ರ ಹಾಕುತ್ತಿದ್ದಳು. ಉಳಿದ ಬಟ್ಟೆ ನೆಲದ ಮೇಲೆ. ಅಂಗಡಿಗೆ ಜನ ಬರುವುದು ತೆಳ್ಳಗಾಯಿತು. ಬಂದವರು ಒಂದೊಂದು ಬಾಟಲಿಗೂ ಮೊಬೈಲು ಹಿಡಿದು ನೋಡುತ್ತಿದ್ದರು. ಅತ್ತೆಗೆ ಮೈಯೆಲ್ಲ ಉರಿಯುತ್ತಿತ್ತು.

"ನಿಮ್ಮ ಸೊಸೆ ಸ್ಟಿಕ್ಕರ್ ಪ್ರಿಂಟ್ ಮಾಡಿಸಿದ್ಲಂತೆ?" ಎಂದು ಒಬ್ಬಳು ಕೇಳಿದಳು.

"ಓದಿದವರು, ನಮಗೇನು ಗೊತ್ತಾಗುತ್ತೆ" ಎಂದಳು ಅತ್ತೆ.

ಇದನ್ನು ಕೇಳಿಸಿಕೊಂಡ ಗಿಣಿ ಸುಮ್ಮನಿರುತ್ತಾಳೆಯೇ? ಅಜ್ಜಿ ಊಟಕ್ಕೆ ಕೂತಾಗ ಅಮ್ಮನನ್ನು ಕೋಣೆಯಿಂದ ಕರೆದು ತಂದು ಎಲ್ಲರೆದುರೇ ಹೇಳಿದಳು: "ಅಜ್ಜಿ ಅಂಗಡಿಯಲ್ಲಿ ಅಮ್ಮನ್ನ ಕಳ್ಳಿ ಮಾಡಿದ್ರು."

"ನಾಲಿಗೆ ಉದ್ದ ಆಯ್ತು ನಿಂದು. ಕಳ್ಳಿ ಅಂತ ನಾನೆಲ್ಲಿ ಅಂದೆ?"

"ಅಲ್ಲ ಅಂತಾನೂ ಅನ್ನಲಿಲ್ಲ."

ಸೊಸೆ ಅತ್ತೆಯನ್ನೇ ನೋಡಿದಳು. "ನನ್ನ ಹೆಸರು ಹೋದ್ರೆ ನಿಮಗೆ ಸಿಗೋದಾದರೂ ಏನತ್ತೆ?"

ಅತ್ತೆ ಉಪ್ಪು ಕಡಿಮೆಯಾಗಿದೆ ಎಂದು ಎದ್ದು ಹೋದಳು.

ವಿಚಾರಣೆಯ ದಿನ ಹತ್ತಿರ ಬಂದಾಗ ಅತ್ತೆಗೆ ಜ್ವರ ಬಂತು. ಮಧ್ಯಾಹ್ನವೇ ಹಲ್ಲು ಕಟಕಟ ಎನ್ನುತ್ತಿದ್ದವು. "ಬೀರುವಿಂದ ಇನ್ನೊಂದು ಕಂಬಳಿ ತೆಗೆದುಕೊಡೇ" ಎಂದು ಗಿಣಿಗೆ ಕೀಲಿ ಎಸೆದಳು. ಆ ಕೀಲಿಯನ್ನು ಅವಳು ಎಂದೂ ಯಾರ ಕೈಗೂ ಕೊಟ್ಟವಳಲ್ಲ. ಜ್ವರದ ತಲೆಗೆ ಅದು ಹೊಳೆಯಲಿಲ್ಲ.

ಗಿಣಿ ಬೀರುವಿನ ಬಾಗಿಲು ತೆರೆದಳು. ಒಂದು ಗಳಿಗೆ ಸುಮ್ಮನಾದಳು. ಆ ಮನೆಯಲ್ಲಿ ಅದೇ ಒಂದು ದೊಡ್ಡ ಸುದ್ದಿ.

"ಅಮ್ಮಾ! ಬೇಗ ಬಾ ಇಲ್ಲಿ."

ಬೀರುವಿನ ಬಾಗಿಲ ಒಳಮೈ ತುಂಬ ಎಲೆಗಳು. ಸಾಲು ಸಾಲಾಗಿ, ಹಸಿರು, ಇಡೀ ಎಲೆಗಳು. ಒಂದಕ್ಕೂ ಹರಕಿಲ್ಲ, ಒಂದರ ಅಂಚೂ ಮಡಚಿಲ್ಲ. ಹಳೆಯ ಎಲೆಗಳು ಮೇಲೆ, ನಡುವೆ ಚೌಕವಿರುವ ಹೊಸವು ಕೆಳಗೆ, ಬಗ್ಗಿದರೆ ಕೈಗೆ ಸಿಗುವ ಹಾಗೆ.

ಸೊಸೆ ತುಂಬ ಹೊತ್ತು ನೋಡಿದಳು. ಕಣ್ಣಲ್ಲಿ ನೀರು ಬಂತು, ಸಂಕಟಕ್ಕಲ್ಲ, ಸಿಟ್ಟಿಗೆ. ಇಷ್ಟು ದಿನ ಗಂಡನ ಜೊತೆ ಮಾತು ಬಿಟ್ಟದ್ದು, ನಾನೇ ಎಲ್ಲಿ ತಪ್ಪಿದೆನೋ ಎಂದು ಹಾಸಿಗೆಯಲ್ಲಿ ಹೊರಳಾಡಿದ್ದು, ಎಲ್ಲಕ್ಕೂ ಉತ್ತರ ಈ ಬಾಗಿಲಿನ ಹಿಂದೆ ಬೀಗ ಹಾಕಿಸಿಕೊಂಡು ಕೂತಿತ್ತು. ಅವಳು ಕಂಬಳಿ ತೆಗೆದು ಅತ್ತೆಯ ಮೇಲೆ ಹೊದಿಸಿದಳು. ಆಮೇಲೆ ಹೋಗಿ ಸ್ಕ್ರೂಡ್ರೈವರ್ ತಂದಳು.

"ಏನು ಮಾಡ್ತಿದ್ದೀಯಾ?" ಎಂದಳು ಅತ್ತೆ ಎದ್ದು ಕೂತು.

"ಬಾಗಿಲು ಬಿಚ್ಚುತ್ತಿದ್ದೀನಿ. ಕಚೇರಿಗೆ ತಗೊಂಡು ಹೋಗಬೇಕು."

"ನನ್ನ ಬೀರು ಅದು! ನನ್ನ ಗಂಡ ಮಾಡಿಸಿದ್ದು!"

"ನನ್ನ ಹೆಸರು ನಮ್ಮಪ್ಪ ಇಟ್ಟಿದ್ದು."

ವ್ಯಾನಣ್ಣ ಬಂದು ನೋಡಿ ತಲೆಯ ಮೇಲೆ ಕೈ ಹೊತ್ತ. ಹೆಂಡತಿಯನ್ನು ಪಕ್ಕಕ್ಕೆ ಕರೆದು, "ಅಮ್ಮನಿಗೆ ವಯಸ್ಸಾಯ್ತು ಕಣೇ. ಬೀದಿಯಲ್ಲಿ ತಲೆ ಎತ್ತಿ ಓಡಾಡೋದು ಬೇಡ್ವಾ ಅವಳು? ನೀನು ಹೇಗಾದ್ರೂ..." ಎಂದ.

"ಹೇಗಾದ್ರೂ ಏನ್ರೀ? ಪೊಲೀಸ್ ಸ್ಟೇಷನ್ನಿಗೆ ಹೋಗಿ ಬರಲಾ?"

"ಹಾಗಲ್ಲ..."

"ಕೊನೇ ತಿರುಪು ಗಟ್ಟಿಯಾಗಿದೆ. ಬಿಚ್ಚಿ ಕೊಡಿ. ಅಷ್ಟಾದ್ರೂ ಮಾಡಿ."

ಅವನು ಬಿಚ್ಚಿದ.

ವಿಚಾರಣೆಯ ದಿನ ಬೆಳಿಗ್ಗೆ ಬಾಗಿಲನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ವ್ಯಾನಿಗೆ ಏರಿಸಿದರು. ಹೊರಡುವಷ್ಟರಲ್ಲಿ ಅತ್ತೆ ಬಂದು ಹಿಂದಿನ ಸೀಟಿನಲ್ಲಿ ಕೂತಳು. ಜ್ವರ ಬಿಟ್ಟಿತ್ತು, ಬಿಂಕ ಬಿಟ್ಟಿರಲಿಲ್ಲ.

"ನೀವು ಯಾಕೆ?" ಎಂದಳು ಸೊಸೆ.

"ನನ್ನ ಬಾಗಿಲು. ಗೀರು ಬಿದ್ರೆ ಯಾರು ಕೇಳೋರು?"

ಕಚೇರಿಯಲ್ಲಿ ಉದ್ದನೆಯ ಮೇಜಿನ ಆಚೆ ಬೋಳುತಲೆಯ ದೊಡ್ಡ ಅಧಿಕಾರಿ, ಪಕ್ಕದಲ್ಲಿ ತನಿಖೆಯ ಮೇಡಂ. ಬಾಗಿಲನ್ನು ಗೋಡೆಗೆ ಒರಗಿಸಿ ಬೆಡ್‌ಶೀಟು ತೆಗೆದಾಗ ಅಧಿಕಾರಿ ಕುರ್ಚಿಯಿಂದ ಎದ್ದುಬಂದರು. ಮೇಡಂ ಒಂದೊಂದೇ ಎಲೆಗೆ ಮೊಬೈಲು ಹಿಡಿದರು. ಎಣ್ಣೆ, ಹಿಟ್ಟು, ಕಾಳು, ಎಣ್ಣೆ. ಎಲ್ಲ ಮಾರಾಟವಾಗಿ ಮುಗಿದ ಬಾಟಲಿಗಳವು.

"ಇವನ್ನೂ ನೀವೇ ಪ್ರಿಂಟ್ ಮಾಡಿಸಿರಬಹುದಲ್ಲಮ್ಮ" ಎಂದರು ಅಧಿಕಾರಿ. "ನಮ್ಮ ಎಲೆ ಇಡಿಯಾಗಿ ಕೀಳೋಕೆ ಬರಲ್ಲ. ನಮ್ಮ ತಜ್ಞರು ಬರೆದುಕೊಟ್ಟಿದ್ದಾರೆ."

ಸೊಸೆ ತನ್ನನ್ನು ಉಳಿಸಲಿ ಎಂದು ಹೊತ್ತುತಂದ ಬಾಗಿಲು ಅವಳ ಮೇಲೇ ಬೀಳುತ್ತಿತ್ತು. ಅವಳು ಅತ್ತೆಯ ಕಡೆ ತಿರುಗಿ ನೋಡಲಿಲ್ಲ. ಬೇಡುವುದಿಲ್ಲ ಎಂದು ಹಲ್ಲು ಕಚ್ಚಿ ನಿಂತಳು.

"ಇವಳಾ?" ಎಂದಳು ಅತ್ತೆ.

ಎಲ್ಲರೂ ಅವಳ ಕಡೆ ನೋಡಿದರು.

"ಇವಳು ಪ್ರಿಂಟ್ ಮಾಡಿಸಿದಳು ಅಂತೀರಾ? ಇವಳಿಗೆ ಒಂದು ಸುಳ್ಳು ನೆಟ್ಟಗೆ ಹೇಳೋಕೆ ಬರಲ್ಲ. ಒಂದು ಎಲೆ ಕೀಳು ಅಂದ್ರೆ ಪುಡಿ ಮಾಡಿ ಇಡ್ತಾಳೆ. ಮದುವೆಯಾಗಿ ಬಂದಾಗಿಂದ ನೋಡ್ತಿದ್ದೀನಿ, ಬಟಾಣಿ ಸಿಪ್ಪೆ ಸುಲಿಯೋಕೂ ಅರ್ಧ ದಿನ ಬೇಕು ಇವಳಿಗೆ. ಕಿತ್ತಿದ್ದು ನಾನು. ಅಂಟಿಸಿದ್ದೂ ನಾನೇ. ಎಲ್ಲಿ, ಒಂದು ಕೆಟಲು ತರಿಸಿ."

"ಅಜ್ಜಿ, ಅದು ಬರೋದಿಲ್ಲ..." ಎಂದರು ಮೇಡಂ.

"ನಾನು ಹೇಳ್ತಿದ್ದೀನಲ್ಲ. ತರಿಸಿ."

ಚಹಾ ಕಾಯಿಸುವ ಕೆಟಲು ಬಂತು. ಎಣ್ಣೆಯ ಬದಲು ಯಾರದೋ ಬ್ಯಾಗಿನಿಂದ ಕೈಗೆ ಹಚ್ಚುವ ಕ್ರೀಮು ಬಂತು. ಅತ್ತೆ ತನ್ನ ಬಟ್ಟೆಯ ಅಂಚಿನಿಂದ ದಾರವೊಂದನ್ನು ಎಳೆದು ಬಾಯಲ್ಲಿಟ್ಟು ಒದ್ದೆ ಮಾಡಿಕೊಂಡಳು. ಮೇಡಂ ತಾವೇ ಹೊಸ ಎಲೆಯೊಂದನ್ನು ಗಾಜಿನ ಲೋಟಕ್ಕೆ ಅಂಟಿಸಿ ಕೊಟ್ಟರು. ಅತ್ತೆ ಲೋಟವನ್ನು ಹಬೆಗೆ ಹಿಡಿದು ತಿರುಗಿಸಿದಳು, ಮಗುವಿನ ಕೆನ್ನೆ ಮುಟ್ಟಿದ ಹಾಗೆ ಅಂಚನ್ನು ಮುಟ್ಟಿ ನೋಡಿದಳು, ಉಗುರು ಇಟ್ಟಳು, ದಾರ ತೂರಿಸಿದಳು. ಎಲೆ ಇಡಿಯಾಗಿ ಹೆಬ್ಬೆರಳಿನ ಮೇಲೆ ಕೂತಿತು.

ಅಧಿಕಾರಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇನ್ನೊಂದು ಸಲ" ಎಂದರು. ಇನ್ನೊಂದು ಸಲವೂ ಬಂತು. ಮೇಡಂ ಮುಖ ಕಪ್ಪಿಟ್ಟಿತು.

ನಕಲಿ ಮುದ್ರೆಯ ಕೇಸು ಅಲ್ಲಿಗೇ ಬಿತ್ತು. ಸೊಸೆಯ ಸಹಿ ಉಳಿಯಿತು, ಇನ್ನು ಮುಂದೆ ಕಣ್ಣು ತೆರೆದುಕೊಂಡು ಸಹಿ ಹಾಕಿ ಎನ್ನುವ ಒಂದು ಎಚ್ಚರಿಕೆಯ ಜೊತೆಗೆ. ಅತ್ತೆಯ ಅಂಗಡಿಗೆ ಇನ್ನೆಂದೂ ಎಲೆಯಿಲ್ಲ. ಮೊದಲ ಸಲ ಎಂದು ಅವಳ ಮೇಲೆ ಕೇಸು ಹಾಕಲಿಲ್ಲ, ದಂಡ ಹಾಕಿದರು.

"ಬಾಟಲಿಯಲ್ಲಿ ಇದ್ದದ್ದು ಶುದ್ಧ ಜೇನು" ಎಂದಳು ಅತ್ತೆ ಏಳುತ್ತ. "ಅದನ್ನಾದ್ರೂ ಬರ್ಕೊಳ್ಳಿ. ಎಲೆ ಬೇರೆಯದಿರಬಹುದು, ಮಾಲಿನಲ್ಲಿ ಮೋಸ ಇಲ್ಲ."

ಮೇಡಂ ಆ ಜೇನಿನ ಪರೀಕ್ಷೆಯ ಹಾಳೆಯನ್ನು ಮೇಜಿನ ಮೇಲೆ ಅವಳ ಕಡೆ ತಳ್ಳಿದರು. ಅತ್ತೆಗೆ ಅದು ಓದಲು ಬರಲಿಲ್ಲ. ಸೊಸೆ ಎತ್ತಿಕೊಂಡು ಓದಿದಳು.

"ಔಷಧಿ ಇದೆ ಅತ್ತೆ. ಸೂರ್ಯಕಾಂತಿಗೆ ಹೊಡೆಯೋದು. ನೀವು ಕೊಟ್ಟ ಎಲ್ಲಾ ಜೇನಿನಲ್ಲೂ ಇದೆ."

"ನಾನು ರುಚಿ ನೋಡಿದ್ದೆ."

"ಟೀಚರ ಮನೆಯವರು ಮಾತ್ರೆ ಜೊತೆ ಅದನ್ನೇ ತಿಂತಿದ್ರು."

ಅತ್ತೆ ಹಾಳೆಯನ್ನು ಸೊಸೆಯ ಕೈಯಿಂದ ತೆಗೆದುಕೊಂಡು ಮೇಜಿನ ಮೇಲೆ ಮಗುಚಿಟ್ಟಳು.

ವ್ಯಾನಿನಲ್ಲಿ ಅರ್ಧ ದಾರಿ ಬಂದ ಮೇಲೆ ಅವಳಿಗೆ ಮಾತು ವಾಪಸು ಬಂತು. "ನಿನ್ನ ಕೇಸು ತಪ್ಪಿಸಿದ್ದು ನಾನು. ನೆನಪಿರಲಿ."

"ಕೇಸು ತಂದವರೂ ನೀವೇ. ಅದೂ ನೆನಪಿರುತ್ತೆ."

ಬಾಗಿಲನ್ನು ಕಚೇರಿಯವರು ಸಾಕ್ಷಿಗೆಂದು ಇಟ್ಟುಕೊಂಡರು. ಬೀರು ಅಂದಿನಿಂದ ಬಾಗಿಲಿಲ್ಲದೆ ನಿಂತಿದೆ. ಅತ್ತೆ ಮಡಚಿಟ್ಟ ಬಟ್ಟೆಗಳು ದಾರಿಹೋಕರಿಗೂ ಕಾಣುತ್ತವೆ.

ಸೊಸೆ ಲ್ಯಾಬಿಗೆ ವಾಪಸು ಹೋದಳು. ಬೆಳಿಗ್ಗೆ ಆಲೂಗಡ್ಡೆ ಬೇಯಿಸಿ ಡಬ್ಬಿಗೆ ಹಾಕಿಕೊಂಡು ಬಸ್ಸಿಗೆ ಹೊರಡುತ್ತಾಳೆ. ಒಲೆ ಈಗಲೂ ಎರಡು ಸಲ ಹೊತ್ತುತ್ತದೆ. ಗಂಡನ ಜೊತೆ ಮಾತಾಡುತ್ತಾಳೆ, ಬೇಕಾದಷ್ಟು ಮಾತ್ರ. ಜೇನಜ್ಜ ಹಿಂಬಾಗಿಲಿಗೂ ಬರುವುದು ನಿಂತಿತು. ಅತ್ತೆ ಎಲೆಯಿಲ್ಲದ ಬಾಟಲಿಗಳನ್ನು ಒರೆಸಿ ಜೋಡಿಸಿ ಎಂದಿನ ಹಾಗೆ ಕೂರುತ್ತಾಳೆ. ಗುಡ್ಡದ ಜೇನು ಮಾತ್ರ ತರಿಸುತ್ತಾಳೆ. ಅದಕ್ಕೆ ಅಲ್ಲಿ ಸರ್ಟಿಫಿಕೇಟಿದೆ, ಇವಳ ಅಂಗಡಿಗೆ ಬಂದರೆ ಎಲೆಯಿಲ್ಲ.

ಒಂದು ಬೆಳಿಗ್ಗೆ ಸೊಸೆ ಹೊರಡುವ ಹೊತ್ತಿಗೆ ಟೀಚರು ಬಂದರು, ಒಬ್ಬರೇ. ಮಗಳು ಊರಿಗೆ ಹೋಗಿದ್ದಳು. ಆ ಕಥೆಯೆಲ್ಲ ಅವರಿಗೆ ಗೊತ್ತಿತ್ತು, ಬೀದಿಗೆಲ್ಲ ಗೊತ್ತಿತ್ತು.

"ಹೇಗಿದ್ದಾರೆ ಮನೆಯವರು?" ಎಂದಳು ಅತ್ತೆ.

"ಇದ್ದಾರೆ. ನಿಮ್ಮನ್ನ ಕೇಳ್ತಿರ್ತಾರೆ."

"ಜೇನು ಒಳ್ಳೇದು ಬಂದಿದೆ ಟೀಚರೇ. ಗುಡ್ಡದ್ದು."

"ಕೊಡಿ ಅಂಗಡಿಯಮ್ಮ. ನಾನು ಯಾವಾಗ್ಲೂ ನಿಮ್ಮ ಮುಖ ನೋಡಿ ತಾನೇ..." ಎನ್ನುತ್ತ ಟೀಚರು ಬಾಟಲಿ ಎತ್ತಿದರು. ಎತ್ತಿ ಒಂದು ಸುತ್ತು ತಿರುಗಿಸಿದರು. ಮತ್ತೊಂದು ಸುತ್ತು. ಅವರ ಬೆರಳು ಎಲೆ ಇರಬೇಕಾದ ಜಾಗದಲ್ಲಿ ನಿಂತಿತು. "ಮನೆಯಲ್ಲಿ ಇನ್ನೂ ಸ್ವಲ್ಪ ಇದೆ ಅನ್ಸುತ್ತೆ" ಎಂದು ಬಾಟಲಿಯನ್ನು ಮೆಲ್ಲಗೆ ಇಟ್ಟು, ಬೇಡದ ಉಪ್ಪಿನ ಪೊಟ್ಟಣವೊಂದನ್ನು ಕೊಂಡು ಹೋದರು.

ಹೊಸಲಿನಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದ ಸೊಸೆ ಎಲ್ಲವನ್ನೂ ನೋಡಿದ್ದಳು. ಅವಳು ನೋಡಿದ್ದನ್ನು ಅತ್ತೆಯೂ ನೋಡಿದಳು.

"ಏನು ನೋಡ್ತೀಯಾ? ಹೋಗು, ಬಸ್ಸು ಹೋಗುತ್ತೆ."

ಸೊಸೆ ಹೋಗಲಿಲ್ಲ. ಕೌಂಟರಿನ ಹತ್ತಿರ ಬಂದು ಆ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದಳು. ಜೇನು ತಿಳಿಯಾಗಿತ್ತು, ಬಣ್ಣ ಚೆನ್ನಾಗಿತ್ತು. ಆಲೂಗಡ್ಡೆ ತಿಂದು ತಿಂದು ಅವಳ ಬಾಯಿ ಕೆಟ್ಟುಹೋಗಿತ್ತು.

"ತಗೊಂಡು ಹೋಗು ಬೇಕಾದ್ರೆ" ಎಂದಳು ಅತ್ತೆ ಬೇರೆ ಕಡೆ ನೋಡುತ್ತ. "ಬ್ರೆಡ್ಡಿಗೆ ಆಗುತ್ತೆ."

"ಇದು ಗುಡ್ಡದ್ದೇನಾ?"

"ಹೂಂ."

"ಖಂಡಿತ?"

"ನಾನು ಹೇಳ್ತಿದ್ದೀನಲ್ಲ."

ನಿಜ ಹೇಳಬೇಕೆಂದರೆ ಅದು ಗುಡ್ಡದ ಜೇನೇ. ಆದರೆ ಅದನ್ನು ಹೇಳಲು ಆ ಬಾಟಲಿಯ ಮೇಲೆ ಏನೂ ಇರಲಿಲ್ಲ, ಅತ್ತೆಯ ಬಾಯಿಯೊಂದನ್ನು ಬಿಟ್ಟು. ಸೊಸೆ ಆ ಮುಖವನ್ನು ಒಮ್ಮೆ ನೋಡಿದಳು.

"ಹೌದು, ಹೇಳ್ತಿದ್ದೀರಿ" ಎಂದಳು.

ಬಾಟಲಿಯನ್ನು ಇದ್ದ ಜಾಗದಲ್ಲೇ ಇಟ್ಟು ಬಸ್ಸಿಗೆ ಹೋದಳು.